ಬೋಳಗುಡಿ ಕಟ್ಟಿದ ಕಾಕಾ

ನಮ್ಮ ಬಾಜೂಮನೆಯಲ್ಲಿ ಬೆಲ್ಲದ ಡಬ್ಬಿ ಇರುತ್ತಿದ್ದದ್ದು ಒಪಿಸ್ತೊದೊಮೊಸ್ ಎಂಬಲ್ಲಿ. ಗೋಕಾಕದ ಹೆಣ್ಣುಮಕ್ಕಳ ಸಾಲೆಗೆ ಮಾಸ್ತರಬಾಯಿಯಾಗಿ ನಾನು ಬಂದ ಹೊಸತು. ಗಂಡನಿಗೆ ಕಚೇರಿಯಲ್ಲಿ ಕಾರಕೂನಿಕೆ. ಒಂದು ಮನೆಯ ಅರ್ಧವನ್ನು ಬಾಡಿಗೆಗೆ ಹಿಡಿದಿದ್ದೆವು. ಇನ್ನರ್ಧದಲ್ಲಿ ಮನೆಯ ಯಜಮಾನರು ಮತ್ತು ಅವರ ಹೆಂಡತಿ. ಒಂದು ಮುಂಜಾನೆ ಬೆಲ್ಲ ತೀರಿ ಕೇಳಲು ಹೋದಾಗ ಆಕೆ ಒಲೆಯ ಮುಂದಿನಿಂದ ಏಳದೆಯೇ, "ಒಪಿಸ್ತೊದೊಮೊಸದಾಗ ಐತಿ, ನೀವ ತಗೋರಿ" ಅಂದರು. ನಾನು ಧಾರವಾಡದ ಕಡೆಯವಳು. ಬೆಳಗಾವಿ ಜಿಲ್ಲೆಯಲ್ಲಿ ತಿಳಿಯದ ಶಬ್ದ ಕಿವಿಗೆ ಬಿದ್ದರೆ ಅದು ಮರಾಠಿ ಇರಬೇಕೆಂದು ಸುಮ್ಮನಾಗುವುದು ನನ್ನ ರೂಢಿ. ಹಿಂದಿನ ಕತ್ತಲ ಕೋಣೆಗೆ ಹೋಗಿ ಡಬ್ಬಿ ಹುಡುಕಿ ಬೆಲ್ಲ ತಂದೆ. ಅದು ಮರಾಠಿಯಲ್ಲ, ಗ್ರೀಕ್ ಎಂದು ಗೊತ್ತಾದದ್ದು ಸಂಜೆ, ಯಜಮಾನರು ಕಟ್ಟೆಯ ಮೇಲೆ ಕೂತು ವಿವರಿಸಿದಾಗ.

ಅವರನ್ನು ನಾನು ಕಾಕಾ ಎಂದು ಕರೆದೆ, ಆಕೆಯನ್ನು ಕಾಕೂ. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬದುಕಿದ್ದಾಗ ಯಾವ ನಕಾಶೆಯ ಮೂಲೆಯಲ್ಲೂ ತಮ್ಮ ಹೆಸರು ಹಾಕದ ಮನುಷ್ಯ. ಹೋದಮೇಲೆ ನಾನು ತಂದು ಅಂಟಿಸುವುದು ಸರಿಯಲ್ಲ.

ಕಾಕಾ ಧುಪದಾಳದ ಕಾಲುವೆ ಕಚೇರಿಯಲ್ಲಿ ಟ್ರೇಸರ್ ಆಗಿದ್ದವರು. ಸಾಹೇಬರು ಕಾಗದದ ಮೇಲೆ ನಕಾಶೆ ಬರೆಯುತ್ತಾರೆ. ಅದರ ಮೇಲೆ ಗಂಜಿ ಹಾಕಿದ ನೀಲಿಬಿಳಿ ಅರಿವೆಯನ್ನು ಹಾಸಿ, ಕೆಳಗೆ ಕಾಣುವ ಗೆರೆಯ ಮೇಲೆಯೇ ಮಸಿಯಿಂದ ಗೆರೆ ಎಳೆಯುವುದು ಟ್ರೇಸರನ ಕೆಲಸ. ಕೂದಲೆಳೆಯಷ್ಟು ಆಚೀಚೆ ಆಗಕೂಡದು. ತನ್ನದೊಂದು ಗೆರೆ ಅಂತೂ ಎಳೆಯಲೇ ಕೂಡದು. ಹೀಗೆ ಮತ್ತೊಬ್ಬರ ಗೆರೆಯ ಮೇಲೆ ಗೆರೆ ಎಳೆದೇ ಅವರು ನೌಕರಿ ಮುಗಿಸಿದ್ದರು. ಕೆಟ್ಟುಹೋದ ಅರಿವೆಯ ತುಂಡುಗಳನ್ನು ಕಾಕೂ ಬಿಸಿನೀರಲ್ಲಿ ನೆನೆಸಿ ಗಂಜಿ ಬಿಡಿಸಿದರೆ ಒಳಗಿನಿಂದ ರೇಷ್ಮೆಯಂಥ ಬಟ್ಟೆ ಬರುತ್ತಿತ್ತು. ಓಣಿಯ ಎಳೆಮಕ್ಕಳ ಅಂಗಿ, ಕುಲಾವಿ ಎಲ್ಲ ಅದರದ್ದೇ. ನನ್ನ ಮೊದಲ ಮಗ ತೊಟ್ಟ ಅಂಗಿಯ ಬೆನ್ನಿನ ಮೇಲೆ ಎಷ್ಟು ಒಗೆದರೂ ಹೋಗದ ಒಂದು ಮಾಸಿದ ಗೆರೆ ಇತ್ತು. ಕಾಕಾ ಅವನನ್ನು ಬೋರಲು ಮಲಗಿಸಿ, ಇದು ಘಟಪ್ರಭೆಯ ಎಡದಂಡೆ ಎಂದು ನನಗೆ ತೋರಿಸಿದ್ದರು. ಮಗು ಸರಿಯಾಗಿ ಎಡದಂಡೆಯ ಕೆಳಗೆ ಒದ್ದೆ ಮಾಡಿಕೊಂಡಿತು.

ಗ್ರೀಕರ ಹುಚ್ಚು ಅವರಿಗೆ ಹತ್ತಿದ್ದೂ ಧುಪದಾಳದಲ್ಲಿಯೇ. ಒಬ್ಬ ಇಂಗ್ಲಿಷ್ ಸಾಹೇಬ ವಿಲಾಯತಿಗೆ ಹೊರಟಾಗ ಅವನ ಮನೆಯ ಸಾಮಾನು ಲಿಲಾವಾಯಿತಂತೆ. ಉಳಿದವರೆಲ್ಲ ಕುರ್ಚಿ, ಕಂದೀಲು ಹಿಡಿದರೆ ಕಾಕಾ ಹಿಂದು ಮುಂದಿನ ಹಾಳೆ ಎರಡೂ ಹರಿದ ಒಂದು ಪುಸ್ತಕ ಹಿಡಿದರು. ಅದು ಯಾರು ಬರೆದದ್ದು, ಅದಕ್ಕೇನು ಹೆಸರು, ಕೊನೆಯವರೆಗೆ ಅವರಿಗೂ ಗೊತ್ತಾಗಲಿಲ್ಲ. ಅದರ ತುಂಬ ಗ್ರೀಕರ ಮತ್ತು ರೋಮನರ ಗುಡಿಗಳ ಚಿತ್ರ. ಗುಡಿಯ ಒಂದೊಂದು ಅಂಗಕ್ಕೂ ಸಣ್ಣ ಗೆರೆ ಎಳೆದು ತುದಿಯಲ್ಲಿ ಹೆಸರು. ಕಂಬಗಳು ನಿಲ್ಲುವ ಮೇಲಿನ ಮೆಟ್ಟಿಲಿಗೆ ಸ್ಟೈಲೊಬೇಟ್, ಕಂಬದ ತಲೆಯ ಮೇಲೆ ಮಲಗುವ ತೊಲೆಗೆ ಆರ್ಕಿಟ್ರೇವ್, ಎಲ್ಲಕ್ಕೂ ಮೇಲಿನ ಮೂರು ಮೂಲೆಯ ಮುಖಕ್ಕೆ ಪೆಡಿಮೆಂಟ್. ಬೇರೆಯವರು ಮುಂಜಾನೆ ಎದ್ದು ಶಿವಸ್ತುತಿ ಹೇಳುವಂತೆ ಕಾಕಾ ಇವುಗಳನ್ನು ಕೆಳಗಿನಿಂದ ಮೇಲಕ್ಕೆ ಹೇಳುತ್ತ ಹಲ್ಲುಜ್ಜುತ್ತಿದ್ದರು.

ಅವರ ಮನೆ ಒಂದರ ಹಿಂದೊಂದು ಮೂರು ಖೋಲಿಯದು. ಮುಂದೆ ಎರಡು ಕಟ್ಟಿಗೆಯ ಕಂಬದ ಕಟ್ಟೆ, ನಡುವೆ ಪಡಸಾಲೆ, ಹಿಂದೆ ಕತ್ತಲ ಕೋಣೆ. ಗ್ರೀಕರ ಗುಡಿಯೂ ಹೀಗೆಯೇ ಇರುತ್ತದೆ ಎಂಬುದು ತಿಳಿದ ದಿನ ಅವರು ಮನೆಗೆ ಓಡಿ ಬಂದಿದ್ದರಂತೆ. ಅಂದಿನಿಂದ ಕಟ್ಟೆ ಪ್ರೊನಾವೊಸ್ ಆಯಿತು, ಪಡಸಾಲೆ ನಾವೊಸ್, ಅಂದರೆ ದೇವರ ಮೂರ್ತಿ ಕೂಡ್ರುವ ನಡುಮನೆ ಆಯಿತು, ಹಿಂದಿನದು ಒಪಿಸ್ತೊದೊಮೊಸ್. ಗ್ರೀಕರು ಅಲ್ಲಿ ದೇವರ ಭಂಡಾರ ಇಡುತ್ತಿದ್ದರು. ಕಾಕೂ ಬೆಲ್ಲದ ಬಾಗೇವಾಡಿಯಿಂದ ತರಿಸಿದ ಬೆಲ್ಲ, ಶೇಂಗಾ, ಉಪ್ಪಿನಕಾಯಿ ಇಡುತ್ತಿದ್ದರು. ಮೊದಮೊದಲು ಗಂಡನನ್ನು ಆಡಿಕೊಳ್ಳಲೆಂದು ಆ ಹೆಸರುಗಳನ್ನು ಹೇಳಿದ ಕಾಕೂ ಬರಬರುತ್ತ ಬೇರೆ ಹೆಸರುಗಳನ್ನೇ ಮರೆತರು. ಅವರ ಬಾಯಲ್ಲಿ ಗ್ರೀಕ್ ಭಾಷೆ ಹುಗ್ಗಿ ನುಂಗಿದಷ್ಟು ಸಲೀಸಾಗಿ ಇಳಿಯುತ್ತಿತ್ತು.

ಮನುಷ್ಯರನ್ನು ಕಂಡರೂ ಕಾಕಾನಿಗೆ ಕಂಬವೇ ನೆನಪಾಗುವುದು. ಒಂದು ಕಣ್ಣು ಮುಚ್ಚಿ, ಹೆಬ್ಬೆರಳು ಮುಂದೆ ಹಿಡಿದು ಎದುರಿನವರನ್ನು ಅಳೆಯುವ ಚಟ ಅವರಿಗೆ. ಗ್ರೀಕರಲ್ಲಿ ಕಂಬಕ್ಕೆ ಮೂರು ಜಾತಿ. ದಪ್ಪಗೆ, ಸಿಂಗಾರವಿಲ್ಲದೆ ನಿಲ್ಲುವುದು ಡೋರಿಕ್. ತಲೆಯ ಎರಡೂ ಕಡೆ ಕೂದಲು ಸುರುಳಿ ಸುತ್ತಿದ ಹಾಗಿರುವುದು ಅಯಾನಿಕ್. ತಲೆತುಂಬ ಎಲೆ ಬಳ್ಳಿ ಹೊತ್ತುಕೊಂಡದ್ದು ಕೊರಿಂಥಿಯನ್. ಕಾಕೂನ ಕಿವಿಯ ಮುಂದೆ ಎರಡು ಗುಂಗುರು ಇಳಿಯುತ್ತಿದ್ದುದರಿಂದ ಆಕೆ ಅಯಾನಿಕ್. ರುಮಾಲಿನ ಶೋಕಿಯ ನನ್ನ ಗಂಡ ಕೊರಿಂಥಿಯನ್. ನನ್ನನ್ನು ಹೆಬ್ಬೆರಳಿನಿಂದ ಅಳೆದು, "ನೀವು ಶುದ್ಧ ಡೋರಿಕ್ ರೀ ಬಾಯಾರ" ಅಂದರು. ಮೈ ತುಂಬಿಕೊಂಡವಳನ್ನು ಹೀಗಂದರೆ ಸಿಟ್ಟು ಬಾರದಿರುತ್ತದೆಯೇ? ಒಂದು ವಾರ ಅವರೊಡನೆ ಮಾತು ಬಿಟ್ಟೆ. ಡೋರಿಕ್ ಎಲ್ಲಕ್ಕಿಂತ ಹಳೆಯದು, ಎಲ್ಲಕ್ಕಿಂತ ಗಟ್ಟಿ, ತಮಗೆ ಎಲ್ಲಕ್ಕಿಂತ ಇಷ್ಟವಾದದ್ದು ಎಂದು ಕಾಕೂನ ಕೈಯಲ್ಲಿ ಹೇಳಿಕಳಿಸಿದ ಮೇಲೆಯೇ ನಾನು ಕರಗಿದ್ದು.

ಇಷ್ಟು ಕಂಬದ ಮೋಹ ಎಲ್ಲಿಂದ ಬಂತೆಂದು ಒಮ್ಮೆ ಕೇಳಿದೆ. ಅವರು ಹುಟ್ಟಿ ಬೆಳೆದದ್ದು ಹುಕ್ಕೇರಿಯ ಗುಮ್ಮಟಗಳ ನೆರಳಿನಲ್ಲಿ. ಗುಮ್ಮಟದೊಳಗೆ ನಿಂತರೆ ಅಷ್ಟು ದೊಡ್ಡ ಭಾರವನ್ನು ಯಾರು ಹೊತ್ತಿದ್ದಾರೆಂದು ತಿಳಿಯುವುದೇ ಇಲ್ಲ, ಚಿಕ್ಕವರಿದ್ದಾಗ ಅದು ತಲೆಯ ಮೇಲೆ ಬೀಳುತ್ತದೆಂದು ಅಂಜುತ್ತಿದ್ದರಂತೆ. "ಕಂಬ ಇದ್ರ ಹೊತ್ತವರು ಕಣ್ಣಿಗೆ ಕಾಣತಾರ್ರಿ. ಮನಷ್ಯಾ ನಿಂತದ್ದ ನೋಡೇ ಕಂಬಾ ಮಾಡ್ಯಾರ" ಅಂದರು. ಹುಕ್ಕೇರಿಯವರಿಗೆ ಇದನ್ನು ಹೇಳಿದರೆ ಹೊಡೆದಾರು ಎಂದೂ ಸೇರಿಸಿದರು.

ಅವರ ಬಳಿಗೆ ಬರುತ್ತಿದ್ದವರಲ್ಲಿ ಸತ್ತೆಪ್ಪ ಒಬ್ಬ. ಪೇಟೆಯ ಹತ್ತಿ ಜಿನ್ನಿನ ಕಾವಲುಗಾರ, ಊರ ಹೊರಗಿನ ಕೇರಿಯವನು. ಮೊದಲ ಮಹಾಯುದ್ಧದಲ್ಲಿ ಪಲ್ಟನ್ನಿನ ಜೊತೆ ಹೇಸರಗತ್ತೆ ಹೊಡೆಯಲು ಹೋಗಿದ್ದ. ಅಲ್ಲಿಯೇ ಅಕ್ಷರ ಕಲಿತು, ಮೊಳೆ ಬಡಿದ ಒಂದು ಜೋಡು ಬೂಟು ತಂದಿದ್ದ. ಅವನು ಹೋದದ್ದು ಸಲೋನಿಕಾಕ್ಕೆ ಎಂದು ಯಾರೋ ಹೇಳಿದ ದಿನ ಕಾಕಾ ಊಟದ ತಾಟು ಬಿಟ್ಟು ಎದ್ದರು. ಅದು ಗ್ರೀಕರ ನಾಡು! ಗೋಕಾಕದಲ್ಲಿ ಆ ನಾಡನ್ನು ಕಣ್ಣಾರೆ ಕಂಡವನು ಒಬ್ಬನಿದ್ದ, ತಮಗೆ ಇಷ್ಟು ವರ್ಷ ಗೊತ್ತಿರಲಿಲ್ಲ. ಕರೆಸಿ ಕೂರಿಸಿಕೊಂಡು, ಗುಡಿ ಕಂಡೆಯಾ, ಕಂಬ ಕಂಡೆಯಾ ಎಂದು ಕೇಳಿದರು. ಸತ್ತೆಪ್ಪ ಬಹಳ ಹೊತ್ತು ನೆನಪು ಮಾಡಿಕೊಂಡು, "ಅಡವ್ಯಾಗ ಕಂಬಾ ಉಳ್ಳಿ ಬಿದ್ದಿದ್ದುವ್ರಿ. ಮೈತುಂಬ ಉದ್ದುದ್ದ ಗೆರಿ ಕೊರದಿದ್ರು. ನಾವು ಅವಕ್ಕ ಹೇಸರಗತ್ತಿ ಕಟ್ಟತಿದ್ದಿವಿ" ಅಂದ. ಗೆರೆ ಕೊರೆದದ್ದು ಪುಸ್ತಕದಲ್ಲಿಯೂ ಇತ್ತು. ಕಾಕಾ ಆ ಮಾತನ್ನು ಓಣಿಯವರಿಗೆಲ್ಲ ಹೇಳಿಕೊಂಡು ತಿರುಗಿದರು.

ಸತ್ತೆಪ್ಪ ಬಂದಾಗ ಕೂರುತ್ತಿದ್ದದ್ದು ಕಟ್ಟೆಯ ಕೆಳಗಿನ ಮೆಟ್ಟಿಲ ಮೇಲೆ. ಅವನ ಚಹಾದ ಬಟ್ಟಲು ಬೇರೆ. ಅದು ಹೊರಗಿನ ಗೂಡಿನಲ್ಲಿಯೇ ಇರುತ್ತಿತ್ತು. ನಮ್ಮ ಅರ್ಧಮನೆಯಲ್ಲೂ ಅದೇ ರೂಢಿ. ಕಾಕಾ ಕಟ್ಟೆಯ ಮೇಲೆ, ಅವನು ಮೆಟ್ಟಿಲ ಮೇಲೆ, ಇಬ್ಬರೂ ಸಲೋನಿಕಾದ ಮಾತಾಡುತ್ತಿದ್ದರು.

ಇಷ್ಟರಲ್ಲಿ ಮೂಡಲಗಿಯ ಸಾಹುಕಾರರೊಬ್ಬರಿಗೆ ತೀರಿಹೋದ ತಾಯಿಯ ನೆನಪಿಗೆ ಗೋಕಾಕದಲ್ಲಿ ವಾಚನಾಲಯ ಕಟ್ಟಿಸುವ ಮನಸ್ಸಾಯಿತು. ಬೆಲ್ಲ, ಹತ್ತಿಯ ವ್ಯಾಪಾರಸ್ಥರು, ಒಳ್ಳೆಯವರು, ದೈವಭಕ್ತರು. ನಕಾಶೆ ಬರೆದುಕೊಡುತ್ತೇನೆ ಎಂದು ಕಾಕಾ ತಾವಾಗಿ ಹೋಗಿ ಕೇಳಿಕೊಂಡರು. ಜೀವನದಲ್ಲಿ ಮೊದಲ ಸಲ ಕೆಳಗೆ ಯಾರ ಗೆರೆಯೂ ಇಲ್ಲದ ಬರಿ ಕಾಗದದ ಮೇಲೆ ಅವರು ಗೆರೆ ಎಳೆಯಬೇಕಿತ್ತು. ಆ ದಿನಗಳಲ್ಲಿ ಅವರನ್ನು ನೋಡಬೇಕಿತ್ತು. ಮದುವೆ ಗೊತ್ತಾದ ಹುಡುಗಿಯ ಹಾಗೆ ಸುಮ್ಮಸುಮ್ಮನೆ ನಗುತ್ತಿದ್ದರು. ಮೂರು ಮೆಟ್ಟಿಲು, ಮುಂದೆ ಆರು ಡೋರಿಕ್ ಕಂಬ, ಮೇಲೆ ಪೆಡಿಮೆಂಟು. ಆನೆಗೂ ನಾಲ್ಕೇ ಕಾಲು ಎಂದು ಸಾಹುಕಾರರು ಆರನ್ನು ನಾಲ್ಕು ಮಾಡಿಸಿದರು. ಕಾಕಾ ಒಂದು ರಾತ್ರಿ ಉಪವಾಸ ಮಲಗಿ ಒಪ್ಪಿಕೊಂಡರು. ಕಟ್ಟಡ ಏಳುತ್ತಿರುವಾಗ ಸತ್ತೆಪ್ಪ ಬಂದು ನೋಡಿಕೊಂಡು ಹೋಗುತ್ತಿದ್ದ. ಇದು ಮುಗಿಯಲಿ, ಆಮೇಲೆ ಪೇಪರಿನ ಸುದ್ದಿ ಯಾರನ್ನೂ ಕೇಳುವುದು ಬೇಡ, ನಿನ್ನ ಕಣ್ಣಿನಿಂದ ನೀನೇ ಓದು ಎಂದು ಕಾಕಾ ಅವನಿಗೆ ಹೇಳಿದ್ದರು.

ಕಂಬದ ವಿಷಯದಲ್ಲಿ ಗೌಂಡಿಗಳೊಂದಿಗೆ ದಿನಾ ಜಗಳ. ನೆಟ್ಟಗಿರುವ ಕಂಬ ದೂರದಿಂದ ನಡು ಸಣ್ಣಾದಂತೆ ಕಾಣುತ್ತದೆಂದು ಗ್ರೀಕರು ಕಂಬದ ನಡುಮೈಯನ್ನು ತುಸುವೇ ಉಬ್ಬಿಸುತ್ತಿದ್ದರಂತೆ. ಅದಕ್ಕೆ ಎಂಟಾಸಿಸ್ ಎಂದು ಹೆಸರು. ನಮ್ಮ ಗೌಂಡಿಗಳ ಕೈಯಲ್ಲಿ ತುಸು ಎಂಬುದು ತುಸು ಹೆಚ್ಚೇ ಆಯಿತು. ಹಿರಿಯ ಗೌಂಡಿ ದೂರ ನಿಂತು ನೋಡಿ, "ಕಂಬಾ ಬಸರ ಆಗೈತಲ್ರಿ" ಅಂದ. ಭಾರ ಹೊತ್ತವರ ಮೈ ಬಿಗಿಯುತ್ತದೆ, ಅದನ್ನೇ ಕಲ್ಲಲ್ಲಿ ತೋರಿಸಿದ್ದು ಎಂದು ಕಾಕಾ ಎಷ್ಟು ತಿಳಿಸಿ ಹೇಳಿದರೂ ಗೌಂಡಿಯ ಮಾತು ಪೇಟೆಯಲ್ಲೆಲ್ಲ ಓಡಾಡಿತು. ಪೆಡಿಮೆಂಟಿನ ತುದಿಗೆ ಅಕ್ರೊಟೀರಿಯನ್ ಎಂಬ ಒಂದು ಶಿಖರದ ಆಭರಣ ಬೇಕಿತ್ತು. ಗೋಕಾಕದ ಗೊಂಬೆ ಮಾಡುವವರಿಗೆ ಕಾಕಾ ಚಿತ್ರ ಕೊಟ್ಟರು. ಅವರು ಚಿತ್ರ ನೋಡಿದರು, ಅದು ಕೂಡುವ ಜಾಗ ನೋಡಿದರು, ಅಲ್ಲಿ ಏನು ಇರಬೇಕೋ ಅದನ್ನೇ ಮಾಡಿದರು. ಬಣ್ಣ ಹಚ್ಚಿ ತಂದಾಗ ಅದು ಕಳಸವಾಗಿತ್ತು. ಕಾಕಾ ಅದನ್ನು ತಿರುಗಿಸಿ ತಿರುಗಿಸಿ ನೋಡಿ, ಗ್ರೀಕರಿಗೂ ಬೇಸರವಾಗಲಿಕ್ಕಿಲ್ಲ ಎಂದು ಏರಿಸಿಬಿಟ್ಟರು.

ವಾಚನಾಲಯ ತೆರೆಯಿತು. 'ಸರ್ವರಿಗೂ ಪ್ರವೇಶವಿದೆ' ಎಂದು ಬಾಗಿಲ ಪಕ್ಕ ಫಲಕ ಹಾಕಿದರು. ಮೊದಲ ವಾರವೇ ನಾನು ಕಂಡದ್ದೇನೆಂದರೆ, ಓದಲು ಬಂದವರು ಚಪ್ಪಲಿ ಕೆಳಗಿನ ಮೆಟ್ಟಿಲ ಹತ್ತಿರ ಬಿಟ್ಟು, ಮೇಲಿನ ಮೆಟ್ಟಿಲನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು ಒಳಗೆ ಹೋಗುತ್ತಿದ್ದರು. ಸಂತೆಗೆ ಬಂದ ರೈತರು ಬಂಡಿಯಿಂದಲೇ ಕೈ ಮುಗಿಯುತ್ತಿದ್ದರು. ಕೌಜಲಗಿಯ ಒಬ್ಬ ಹೆಣ್ಣುಮಗಳು, ಬಹಳ ವರ್ಷ ಮಕ್ಕಳಿಲ್ಲದವಳು, ಬಸುರಿ ಕಂಬದ ಸುದ್ದಿ ಕೇಳಿ ಬಂದು ಅದರ ಹೊಟ್ಟೆಗೆ ಅರಿಷಿಣ ಕುಂಕುಮ ಹಚ್ಚಿ ಹೋದಳು. ಅವಳ ದೈವ, ಆ ವರ್ಷವೇ ಅವಳಿಗೆ ಬಸುರು ನಿಂತಿತು. ಅವಳ ಗಂಡ ಅದೇ ವರ್ಷ ಮುಂಬಯಿಯ ನೌಕರಿ ಬಿಟ್ಟು ಊರಿಗೆ ತಿರುಗಿ ಬಂದಿದ್ದ ಎಂಬುದನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ಅಲ್ಲಿಂದ ಮುಂದೆ ಸೋಮವಾರ ಬಂತೆಂದರೆ ಕಂಬಗಳ ಮುಂದೆ ಹೆಂಗಸರ ಸಾಲು, ಮೆಟ್ಟಿಲ ಮೇಲೆ ಟೆಂಗಿನಕಾಯಿಯ ನೀರು. ಪೇಪರು ಓದುವವರು ಊದಿನಕಡ್ಡಿಯ ಹೊಗೆಯಲ್ಲಿ ಕೆಮ್ಮುತ್ತ ಓದಬೇಕಾಯಿತು.

ಕಾಕಾ ಆಗ ಖುಷಿಯಾಗಿದ್ದರೆಂಬುದನ್ನು ಮುಚ್ಚಿಡಲಾರೆ. ಇದು ಗುಡಿಯಲ್ಲ ಎಂದು ಬಾಯಲ್ಲಿ ಹೇಳುತ್ತಿದ್ದರು. ಕಣ್ಣು ಬೇರೆ ಹೇಳುತ್ತಿತ್ತು. ತಾನು ಕಟ್ಟಿದ್ದಕ್ಕೆ ಊರು ಕೈ ಮುಗಿದರೆ ಯಾರಿಗೆ ಬೇಡ? ಸಂಜೆ ಎದುರಿನ ಅಂಗಡಿಯ ಹಲಗೆಯ ಮೇಲೆ ಕೂತು, ಒಂದು ಕಣ್ಣು ಮುಚ್ಚಿ, ಹೆಬ್ಬೆರಳಿನಿಂದ ತಮ್ಮ ಪೆಡಿಮೆಂಟನ್ನು ಅಳೆಯುತ್ತ ಕತ್ತಲಾಗುವವರೆಗೂ ಇರುತ್ತಿದ್ದರು. ಸಾಹುಕಾರರು ಮೂಡಲಗಿಯಿಂದ ಬಂದು ಜನ ಸೇರುವುದನ್ನು ನೋಡಿ ಗದ್ಗದಿತರಾದರು. ಒಳಗೆ ಅವ್ವನ ಹೆಸರಿನಲ್ಲಿ ಒಂದು ದೇವಿಯ ಮೂರ್ತಿ ಕೂರಿಸೋಣ, ಪೇಪರನ್ನು ಬಾಜೂದ ಸಣ್ಣ ಖೋಲಿಗೆ ಹಾಕೋಣ ಎಂದರು. ಕಾಕಾ ಹೂಂ ಅನ್ನಲಿಲ್ಲ, ಊಹೂಂ ಅಂತಲೂ ಅನ್ನಲಿಲ್ಲ. ಸಾಹುಕಾರರು ಮುಹೂರ್ತ ಕೇಳಲು ಹೋದರು.

ಆ ಹೊತ್ತಿಗೆ ಎರಡನೆಯ ಯುದ್ಧ ಶುರುವಾಗಿತ್ತು. ಸತ್ತೆಪ್ಪನ ಒಬ್ಬನೇ ಮಗ ಅಪ್ಪನ ದಾರಿ ಹಿಡಿದು ಪಲ್ಟನ್ನಿಗೆ ಸೇರಿ, ಮಿಸರದ ಕಡೆ, ಅಂದರೆ ಈಜಿಪ್ತಿಗೆ, ಹಡಗು ಹತ್ತಿದ್ದ. ಸತ್ತೆಪ್ಪ ದಿನಾ ಜಿನ್ನಿನ ಪಾಳಿ ಮುಗಿಸಿ ವಾಚನಾಲಯಕ್ಕೆ ಬರುತ್ತಿದ್ದ, ಮೆಟ್ಟಿಲ ಕೆಳಗೆ ನಿಲ್ಲುತ್ತಿದ್ದ. ಹೊರಬಂದವರನ್ನು ಮಿಸರದ ಸುದ್ದಿ ಏನೆಂದು ಕೇಳಿದರೆ, ಯುದ್ಧ ನಡೆದಿದೆ ಎನ್ನುವರು, ಇಲ್ಲವೇ ಏನೂ ಇಲ್ಲ ಎಂದು ಚಪ್ಪಲಿ ಮೆಟ್ಟಿಕೊಂಡು ಹೋಗುವರು. ಮಗನಿರುವ ಊರಿನ ಹೆಸರು ಇವತ್ತಿನ ಪೇಪರಿನಲ್ಲಿ ಇದೆಯೋ ಇಲ್ಲವೋ ಎಂದು ತಿಳಿಯದೆ ಅವನು ಮನೆಗೆ ತಿರುಗಬೇಕಾಗಿತ್ತು. ಓದಲು ಬರುವ ಮನುಷ್ಯ, ಒಳಗೆ ಪೇಪರು, ನಡುವೆ ಮೂರೇ ಮೆಟ್ಟಿಲು.

ಒಂದು ರವಿವಾರ ಅವನು ಎಂದಿನಂತೆ ಕಾಕಾನ ಕಟ್ಟೆಯ ಕೆಳಗೆ ಬಂದು ಕೂತ. ನಾನು ನನ್ನ ಭಾಗದ ಕಟ್ಟೆಯಲ್ಲಿ ಅಕ್ಕಿ ಆರಿಸುತ್ತಿದ್ದೆ. ಒಳಗೆ ಹೋಗಿ ಓದಬಾರದೇನು, ಫಲಕ ಹಾಕಿದೆಯಲ್ಲ ಎಂದು ಕಾಕಾ ಕೇಳಿದರು.

"ಬೋರ್ಡ ಓದೇನ್ರಿ" ಅಂದ ಸತ್ತೆಪ್ಪ. "ಕಾಲ ಕೇಳವಲ್ಲವು. ಕಳಸಾ ನೋಡಿದ ಕೂಡ್ಲೆ ನಿಂತಬಿಡ್ತಾವು. ನಾ ದಾಟಿದ್ರೂ ಮಂದಿ ಸುಮ್ಮ ಇರೂದಿಲ್ಲ."

ಅದು ನಮ್ಮ ಗುಡಿಯಲ್ಲ, ಗ್ರೀಕರದು, ನೀನು ಕಂಡು ಬಂದದ್ದೇ ಎಂದು ಕಾಕಾ ಸಮಾಧಾನ ಹೇಳಹೋದರು. ಸತ್ತೆಪ್ಪ ತುಸು ವಿಚಾರ ಮಾಡಿ, ಆ ಗ್ರೀಕರ ಗುಡಿಯೊಳಗೆ ಮಂದಿ ಹೋಗುತ್ತಿದ್ದರೋ ಎಂದು ಕೇಳಿದ.

ಪುಸ್ತಕದ ವಿಷಯದಲ್ಲಿ ಕಾಕಾ ಸುಳ್ಳು ಹೇಳಲಾರರು. "ಇಲ್ಲಪಾ. ನಾವೊಸದಾಗ ಮೂರ್ತಿ ಅಷ್ಟ ಇರೂದು. ಪೂಜಾರಿ ಹೋಗಾಂವ. ಮಂದಿ ಹೊರಗ, ಮೆಟ್ಟಲ ಕೆಳಗ ನಿಂದರತಿದ್ರು."

"ಹಂಗಾರ ಬರೋಬ್ಬರಿ ಕಟ್ಟೀರಿ ಬಿಡ್ರಿ" ಅಂದ ಸತ್ತೆಪ್ಪ.

ಅದರಲ್ಲಿ ಕೊಂಕಿರಲಿಲ್ಲ. ಕೆಲಸ ಬಲ್ಲವನನ್ನು ಮೆಚ್ಚಿ ಹೇಳುವ ದನಿಯಲ್ಲಿಯೇ ಹೇಳಿ, ಬಟ್ಟಲು ತೊಳೆದು ಗೂಡಿನಲ್ಲಿಟ್ಟು ಹೋದ. ಕಾಕಾ ಕೂತಲ್ಲಿಯೇ ಕೂತರು. ಕಾಕೂ ಊಟಕ್ಕೆ ಕರೆದರೆ ಏಳಲಿಲ್ಲ. ನನಗೆ ಅಕ್ಕಿಯಲ್ಲಿ ಹರಳು ಯಾವುದು ಕಾಳು ಯಾವುದು ಕಾಣದಾಯಿತು.

ಮರುದಿನ ಮುಂಜಾನೆ ಕಾಕಾ ಹಿರಿಯ ಗೌಂಡಿಯ ಮನೆಗೆ ಹೋಗಿ, ಕಳಸ ಮತ್ತು ಪೆಡಿಮೆಂಟು ಇಳಿಸಬೇಕು ಎಂದರು. ಕಟ್ಟುವುದು ನನ್ನ ಕೆಲಸ, ಏರಿಸಿದ ಕಳಸ ಇಳಿಸುವ ಪಾಪ ನನಗೆ ಬೇಡ ಎಂದು ಅವನು ಕೈ ಮುಗಿದ. ಏಣಿ ಮಾತ್ರ ಕೊಟ್ಟ. ಅರವತ್ತು ದಾಟಿದ, ಕಣ್ಣು ಮಂಜಾದ ಮನುಷ್ಯ ಪೆನ್ಶನ್ನಿನ ದಿನ ಹಾಕುವ ಕರಿ ಕೋಟು ತೊಟ್ಟು, ಸುತ್ತಿಗೆ ಹಿಡಿದು, ವಾಚನಾಲಯದ ಮೇಲೆ ಏರುತ್ತಿದ್ದಾರೆಂದು ಹುಡುಗರು ಓಡಿ ಬಂದು ಹೇಳಿದಾಗ ನಾನೂ ಓಡಿದೆ. ಕಾಕೂ ನನಗಿಂತ ಮೊದಲೇ ಮುಟ್ಟಿ ಏಣಿ ಹಿಡಿದು ನಿಂತಿದ್ದರು. ಒಂದೇ ಸಮ ಬೈಯುತ್ತಿದ್ದರು. ಆದರೆ ಏಣಿ ಅಲುಗಾಡಗೊಡಲಿಲ್ಲ.

ಸೋಮವಾರ, ಹೆಂಗಸರು ಆಗಲೇ ಆರತಿ ತಂದಿದ್ದರು. ಜನ ಸೇರಿತು, ಗುಜುಗುಜು ಜೋರಾಯಿತು. ಯಾರಾದರೂ ಕಲ್ಲೆಸೆದರೆ ಮುಗಿಯಿತು ಎಂದುಕೊಂಡೆ. ಮೇಲೆ ಕಾಕಾ ಕಳಸವನ್ನು ಎರಡೂ ಕೈಯಲ್ಲಿ ಹಿಡಿದು ಗಟ್ಟಿಯಾಗಿ, "ಅಕ್ರೊಟೀರಿಯನ್" ಅಂದರು. ಆಮೇಲೆ ಅದನ್ನು ಕಿತ್ತು ಹಗ್ಗದಲ್ಲಿ ಕಟ್ಟಿ ಇಳಿಬಿಟ್ಟರು. ಅಂಚಿನ ಕಲ್ಲಿಗೆ ಕೈಯಿಟ್ಟು "ಕಾರ್ನಿಸ್" ಅಂದರು. ನಡುವಿನ ಗೋಡೆಯನ್ನು ಅಂಗೈಯಿಂದ ಸವರಿ "ಟಿಂಪನಮ್" ಅಂದರು. ಎಲ್ಲವನ್ನೂ ಹೆಸರು ಹಿಡಿದು ಕರೆದೇ ಬಿಚ್ಚಿದರು. ಕೆಳಗಿನ ಗುಜುಗುಜು ನಿಂತಿತು. ಅದು ಕಳಸ ಇಳಿಸುವ ಮಂತ್ರವೆಂದು ಜನ ತಿಳಿದಿದ್ದರು. ಒಬ್ಬಿಬ್ಬರು ಮುದುಕರು ತಲೆಯ ಮೇಲಿನ ರುಮಾಲು ತೆಗೆದರು. ಗೌಂಡಿ ನನ್ನ ಪಕ್ಕದಲ್ಲಿಯೇ ನಿಂತಿದ್ದ. "ಕಾಕಾರು ಶಾಸ್ತ್ರೋಕ್ತ ಮಾಡಾಕತ್ತಾರ. ದೇವರ ಕಳಾ ಇಳದ ಮ್ಯಾಲ ಬರೇ ಕಲ್ಲ" ಎಂದು ತನ್ನಷ್ಟಕ್ಕೆ ಹೇಳಿಕೊಂಡು, ತನ್ನ ಆಳುಗಳನ್ನು ಕರೆದುಕೊಂಡು ಅವನೂ ಮೇಲೇರಿದ. ಸಂಜೆಯೊಳಗೆ ಪೆಡಿಮೆಂಟು ನೆಲಕ್ಕೆ ಬಂತು. ನಾಲ್ಕು ಕಂಬ, ಮೇಲೊಂದು ತೊಲೆ, ಅದರ ಮೇಲೆ ಬರಿ ಆಕಾಶ. ಅಂದೇ ಯಾರೋ ಅದಕ್ಕೆ ಬೋಳಗುಡಿ ಎಂದು ಹೆಸರಿಟ್ಟರು, ಅದು ಇಂದಿಗೂ ಹೋಗಿಲ್ಲ. ಅರಿಷಿಣ ಹತ್ತಿದ ಕಂಬಗಳ ಹೊಟ್ಟೆಯನ್ನು ನಾನು ಮತ್ತು ಕಾಕೂ ತಿಕ್ಕಿ ತೊಳೆದೆವು. ಕಾಕಾ ಅಲ್ಲಿ ಆ ದಿನದ ಪೇಪರಿನ ಹಾಳೆಗಳನ್ನು ಸುತಳಿ ದಾರದಿಂದ ಕಟ್ಟಿದರು. ಬಂದ ಹೆಂಗಸರು ಯುದ್ಧದ ಚಿತ್ರ ನೋಡಿ ಗಾಬರಿಯಾಗಿ ತಿರುಗಿದರು.

ಸಾಹುಕಾರರು ಮೋಟರಿನಲ್ಲಿ ಬಂದಿಳಿದವರು ಮೇಲೆ ನೋಡಿದರು. ಆಮೇಲೆ, ನಮ್ಮ ಅವ್ವನ ಗುಡಿ ಕೆಡವಿದಿರಿ ಎಂದರು. ಅವರ ಕಣ್ಣಲ್ಲಿ ನೀರಿತ್ತು. ಕಾಕಾ ದನಿ ಏರಿಸಲಿಲ್ಲ. "ಸಾಹುಕಾರ್ರ, ಲಿಂಗಾ ಎದಿಮ್ಯಾಲ ಕಟಗೊಂಡ ಅಡ್ಡಾಡೂ ಮಂದಿ ನಾವು. ನಮಗ್ಯಾಕ್ ಬೇಕ್ರಿ ಗುಡಿ? ಅವ್ವಾರ ಹೆಸರಲೆ ಒಬ್ಬರರೆ ಓದಲಿ." ಸಾಹುಕಾರರ ಕೈ ಅಂಗಿಯೊಳಗಿನ ಲಿಂಗದ ಕರಡಿಗೆಯತ್ತ ಹೋಯಿತು. ಅವರು ಮೋಟರು ಹತ್ತಿದರು. ಮೂರ್ತಿಯ ಮಾತನ್ನು ಮತ್ತೆ ಎತ್ತಲಿಲ್ಲ. ಕಾಕಾನೊಡನೆ ಮಾತನ್ನೂ ಆಡಲಿಲ್ಲ.

ಸತ್ತೆಪ್ಪ ಬಂದ ದಿನ ನಾನು ಒಳಗೆ ಪುಸ್ತಕ ಹುಡುಕುತ್ತಿದ್ದೆ. ಕೆಳಗಿನ ಮೆಟ್ಟಿಲ ಹತ್ತಿರ ಬಗ್ಗಿ ಬೂಟು ಬಿಚ್ಚತೊಡಗಿದಾಗ, ಕಾಕಾ ಬಾಗಿಲಲ್ಲಿ ನಿಂತು ಬಿಚ್ಚಬೇಡ ಎಂದರು. ಬೂಟು ಬಿಚ್ಚಿದರೆ ಇದು ಮತ್ತೆ ಗುಡಿಯಾಗುತ್ತದೆ. ಅವನು ಬೂಟಿನಲ್ಲಿಯೇ ಹತ್ತಿದ. ಮೊಳೆಗಳು ಕಲ್ಲಿನ ಮೇಲೆ ಟಕಟಕ ಎಂದವು. ಒಳಗಿದ್ದವರಲ್ಲಿ ಕೆಲವರು ಎದ್ದು ಹೊರಗೆ ಹೋದರು. ಅವರಲ್ಲಿ ಕೆಲವರು ಮತ್ತೆಂದೂ ಬರಲಿಲ್ಲ. ಸತ್ತೆಪ್ಪ ಪೇಪರು ಬಿಡಿಸಿಕೊಂಡು, ಒಂದೊಂದೇ ಸಾಲಿನ ಕೆಳಗೆ ಬೆರಳಿಟ್ಟು ಮಿಸರದ ಸುದ್ದಿ ಪೂರ್ತಿ ಓದಿದ.

ಅಲ್ಲಿಂದ ಮುಂದೆ ಅದೇ ಪರಿಪಾಠವಾಯಿತು. ಕಾಕಾನ ಕಣ್ಣು ಪೂರ್ತಿ ಮಂಜಾಗಿತ್ತು, ಸತ್ತೆಪ್ಪ ಗಟ್ಟಿಯಾಗಿ ಓದುವುದು, ಕಾಕಾ ಕೇಳುವುದು. ಜರ್ಮನ್ನರು ಅಥೆನ್ಸಿಗೆ ನುಗ್ಗಿದ ಸುದ್ದಿ ಬಂದಾಗ ಕಾಕಾ, ಗುಡಿಯ ಕಂಬ ಇವೆಯಂತೋ ಎಂದು ಕೇಳಿದರು. ಪೇಪರಿನವರು ಅದನ್ನು ಬರೆದಿರಲಿಲ್ಲ. ಮಗನ ಪಲ್ಟನ್ನಿನ ಸುದ್ದಿಯೂ ಆ ದಿನ ಇರಲಿಲ್ಲ. ಇಬ್ಬರೂ ಕೂಡಿ ಮರುದಿನದ ಪೇಪರಿಗೆ ಕಾದರು. ಕಂಬಗಳು ಉಳಿದವು. ಮಗನೂ ಯುದ್ಧ ಮುಗಿಸಿ, ಸ್ವಲ್ಪ ಕುಂಟುತ್ತ, ತಿರುಗಿ ಬಂದ.

ಪೆಡಿಮೆಂಟಿಗಾಗಿ ಕೆಡುಕೆನಿಸುವುದಿಲ್ಲವೇ ಎಂದು ಒಮ್ಮೆ ಕೇಳಿಬಿಟ್ಟೆ. ಕೆಡುಕೆನಿಸುತ್ತದೆ ಎಂದು ಒಪ್ಪಿಕೊಂಡರು. "ಜೀವಮಾನ ಮತ್ತೊಬ್ಬರ ಗೆರಿ ಮ್ಯಾಲ ಗೆರಿ ಎಳದೆ. ಕಡೀಕ ಎಳದದ್ದೂ ಪುಸ್ತಕದಾಗಿಂದ. ಅಳಿಸಿದ್ದ ಒಂದ ನೋಡ್ರಿ ನಂದು" ಅಂದರು. ಹೇಳಿ, ಅಭ್ಯಾಸಬಲದಿಂದ ಒಂದು ಕಣ್ಣು ಮುಚ್ಚಿ ಹೆಬ್ಬೆರಳು ಎತ್ತಿದರು. ಕಾಣುವುದಿಲ್ಲವೆಂದು ನೆನಪಾಗಿ ಇಳಿಸಿದರು.

ಇನ್ನೊಂದು ಮಾತನ್ನೂ ಹೇಳಬೇಕು. ಊರ ವಾಚನಾಲಯದಲ್ಲಿ ಸತ್ತೆಪ್ಪನನ್ನು ಬಾಗಿಲು ದಾಟಿಸಿದ ಕಾಕಾ ತಮ್ಮ ಮನೆಯಲ್ಲಿ ದಾಟಿಸಲಿಲ್ಲ. ಅವನು ಕೆಳಗಿನ ಮೆಟ್ಟಿಲಿನಿಂದ ಕಟ್ಟೆಯ ಮೇಲಕ್ಕೆ, ಪ್ರೊನಾವೊಸಿಗೆ ಬಂದ. ಬೇರೆ ಬಟ್ಟಲು ಗೂಡಿನಿಂದ ಎಲ್ಲಿಗೋ ಹೋಯಿತು. ಅಷ್ಟೇ ಆದದ್ದು, ಹೆಚ್ಚಾಯಿತೆಂದು ಬರೆದರೆ ಸುಳ್ಳಾಗುತ್ತದೆ. ಕಾಕೂ ಮಡಿ ಮೈಲಿಗೆಯಲ್ಲಿ ಗಟ್ಟಿ. ಕಾಕಾ ಕಟ್ಟಡದ ಮೇಲೇರಲು ಹೆದರದವರು ಹೆಂಡತಿಗೆ ಹೆದರುತ್ತಿದ್ದರು.

ಯುದ್ಧ ಮುಗಿದ ಮರುವರ್ಷ ಅವರು ತೀರಿಕೊಂಡರು, ಮಧ್ಯಾಹ್ನದ ನಿದ್ದೆಯಲ್ಲಿಯೇ. ನಮ್ಮ ಪದ್ಧತಿಯಂತೆ ಅವರಿಗೆ ವಿಭೂತಿ ಹಚ್ಚಿ, ರುಮಾಲು ಸುತ್ತಿ, ಪಡಸಾಲೆಯ ನಡುಗಂಬಕ್ಕೆ ಒರಗಿಸಿ ಕೂರಿಸಿದರು. ಸುತ್ತ ಜನ, ಭಜನೆ. ಮೂಡಲಗಿಯ ಸಾಹುಕಾರರೂ ಬಂದು ಮಾಲೆ ಹಾಕಿ ಒಂದು ಮೂಲೆಯಲ್ಲಿ ತಲೆ ತಗ್ಗಿಸಿ ಕೂತರು. ಸತ್ತೆಪ್ಪ ಬಂದದ್ದು ಪೇಪರು ಓದುವ ಹೊತ್ತಿಗೆ. ಈ ಸಲ ಬೂಟು ಬೀದಿಯಲ್ಲಿಯೇ ಬಿಟ್ಟಿದ್ದ. ಕಟ್ಟೆ ಹತ್ತಿ, ಕಂಬದ ಪಕ್ಕ ನಿಂತು, ಒಳಗೆ ಕೂತ ಕಾಕಾನನ್ನು ಜನರ ಹೆಗಲ ಮೇಲಿಂದ ನೋಡುತ್ತಿದ್ದ.

ಕಾಕೂ ಗಂಡನ ಕಾಲ ಬಳಿ ಕೂತಿದ್ದರು. ತಲೆ ಎತ್ತಿ ನೋಡಿದರು. ಭಜನೆಯವರು ಒಂದು ಹಾಡು ಮುಗಿಸಿ ಇನ್ನೊಂದಕ್ಕೆ ತಾಳ ಕೂಡಿಸುತ್ತಿದ್ದರು, ಮನೆಯೆಲ್ಲ ಸುಮ್ಮನಿತ್ತು.

"ಪ್ರೊನಾವೊಸದಾಗ ಯಾಕ ನಿಂತಿ ಸತ್ತೆಪ್ಪಾ? ಅವರು ನಾವೊಸದಾಗ ಅದಾರ. ಒಳಗ ಬಾ."

ಜನ ದಾರಿ ಬಿಟ್ಟರು. ಸತ್ತೆಪ್ಪ ಒಳಗೆ ಬಂದ.